ಸೊಸೆ ಹೊಡೆದ ನಾರುಮಡಿ

ಬುಗಾಂಡಾ ಸೀಮೆಯ ಮಸಾಕಾ ರಸ್ತೆಯಲ್ಲಿ ಲಾರಿಗಳ ಸದ್ದು ಇನ್ನೂ ಶುರುವಾಗಿಲ್ಲ. ಬಾಳೆತೋಟದ ಅಂಚಿನ ಮುಟುಬಾ ಮರಕ್ಕೆ ಏಣಿ ಒರಗಿಸಿ ನಲುಬೇಗಾ ಮೇಲೇರುತ್ತಾರೆ. ಆಲದ ಕುಲದ ಮರ. ನಮ್ಮಲ್ಲಿ ಬೇಲಿಗೂ ಅದೇ, ನೆರಳಿಗೂ ಅದೇ. ಕೊಂಬೆ ಕವಲೊಡೆಯುವಲ್ಲಿ ಕತ್ತಿಯಿಂದ ಸುತ್ತಲೂ ಒಂದು ಗೆರೆ, ಬುಡದಲ್ಲಿ ಇನ್ನೊಂದು, ಎರಡರ ನಡುವೆ ಉದ್ದಕ್ಕೆ ಒಂದು ಸೀಳು. ಅಲ್ಲಿಗೆ ಕತ್ತಿಯ ಕೆಲಸ ಮುಗಿಯಿತು. ಬಾಳೆದಿಂಡಿನ ಮೊಂಡು ಚಕ್ಕೆಯನ್ನು ಸೀಳಿನೊಳಗೆ ತೂರಿಸಿ ಮೆಲ್ಲಗೆ ಎಬ್ಬಿಸುತ್ತ ಬರುತ್ತಾರೆ. ಒದ್ದೆ ಅಂಗಿ ಕಳಚಿದಂತೆ ತೊಗಟೆ ಇಡಿಯಾಗಿ ಬಿಟ್ಟುಕೊಳ್ಳುತ್ತದೆ.

ಬೆತ್ತಲಾದ ಕಾಂಡಕ್ಕೆ ಬಾಳೆ ಎಲೆ ಸುತ್ತಿ ಬಿಗಿದು ಕಟ್ಟುವವರೆಗೂ ಅವರು, ತಮ್ಮ ಕತೆ ಬರೆದುಕೊಳ್ಳಲು ಬಂದ ನನ್ನ ಕಡೆ ತಿರುಗುವುದಿಲ್ಲ. "ಹೀಗೇ ಬಿಟ್ರೆ ಬಿಸಿಲಿಗೆ ಮರ ಸಾಯುತ್ತೆ. ಸುತ್ತಿಟ್ರೆ ಬರೋ ವರ್ಷ ಹೊಸ ತೊಗಟೆ ಬರುತ್ತೆ, ಇದಕ್ಕಿಂತ ನಯವಾಗಿ," ಎನ್ನುತ್ತಾರೆ.

ತೊಗಟೆ ಕೈಗೆ ಬಂದ ಮೇಲೆ ಕೂತು ಸುಧಾರಿಸಿಕೊಳ್ಳುವ ಹಾಗಿಲ್ಲ. ಒಣಗಿದರೆ ಅದು ಸೌದೆ. ಹೊರಪದರ ಹೆರೆದು, ಬಾಳೆ ಎಲೆಯ ಬೆಂಕಿಯಲ್ಲಿ ಬಾಡಿಸಿ, ಹುಲ್ಲಿನ ಚಪ್ಪರದ ನೆರಳಲ್ಲಿ ದಿಮ್ಮಿಯ ಮೇಲೆ ಹಾಸುತ್ತಾರೆ. ಆಮೇಲೆ ಗೀರುಗಳಿರುವ ಕೊಡತಿಯಿಂದ ಹೊಡೆತ. ಮೊದಲು ಒರಟು ಗೀರಿನ ಕೊಡತಿ, ಕೊನೆಗೆ ಸಣ್ಣ ಗೀರಿನದು. ಅಂಗೈಯೆರಡರಷ್ಟು ಅಗಲವಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಹೊದಿಕೆಯಷ್ಟಾಗುತ್ತದೆ. ಅಂಚಿಗೆ ಕಲ್ಲು ಹೇರಿ ಬಿಸಿಲಿಗೆ ಹರವಿದರೆ ಬಿಳಿಚಿದ ನಾರು ನಿಧಾನವಾಗಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ.

ಕರಾವಳಿಯ ವರ್ತಕರು ಹತ್ತಿಬಟ್ಟೆ ಹೊತ್ತು ತರುವ ಮೊದಲು ಬುಗಾಂಡಾದಲ್ಲಿ ದೊರೆ ಉಟ್ಟದ್ದೂ ಇದನ್ನೇ, ದನ ಕಾಯುವವನು ಉಟ್ಟದ್ದೂ ಇದನ್ನೇ. ಈಗ ದಿನನಿತ್ಯ ಉಡುವವರಿಲ್ಲ. ಆದರೆ ಮಣ್ಣಿಗೆ ಹೋಗುವವರಿಗೆ ನಾರುಮಡಿ ಬೇಕೇ ಬೇಕು. ಬಂಧುಗಳು ಒಂದೊಂದು ತಂದು ಹೊದಿಸುತ್ತಾರೆ.

ಇದು ಗಂಡಸರ ಕಸುಬು. ಹೆಂಗಸಾದ ನಲುಬೇಗಾ ಕೊಡತಿ ಹಿಡಿಯುವ ಹಾಗೆ ಮಾಡಿದ್ದು ಒಂದು ಮುರಿದ ಕೊಂಬೆ. ಅವರ ಗಂಡ ಸೆಮ್ವಾಂಗಾ ಮರದಿಂದ ಬಿದ್ದು ಬಲಭುಜ ಮುರಿದುಕೊಂಡರು. ಕೈ ಮತ್ತೆ ಎದೆಯಿಂದ ಮೇಲೆ ಏಳಲಿಲ್ಲ. ಮಾವ ಕಿಬಿರಂಗೋ ಹೆಸರಾಂತ ಕೆಲಸಗಾರ, ಆದರೆ ಅಷ್ಟರಲ್ಲಿ ಕೈ ನಡುಗುತ್ತಿತ್ತು. ಬೀಳುವ ಮುನ್ನ ಸೆಮ್ವಾಂಗಾ ಸುಲಿದಿಟ್ಟಿದ್ದ ತೊಗಟೆಯೊಂದು ಮರುದಿನ ಚಪ್ಪರದಲ್ಲಿ ಒಣಗತೊಡಗಿತ್ತು. ನಲುಬೇಗಾ ಅದಕ್ಕೆ ನೀರು ಚಿಮುಕಿಸಿದರು. ಆಮೇಲೆ ಕೊಡತಿ ಎತ್ತಿಕೊಂಡರು.

ಕಲಿಸಬೇಕಾದವರು ಮಾವ. ಆದರೆ ನಮ್ಮಲ್ಲಿ ಮಾವನೂ ಸೊಸೆಯೂ ಒಂದೇ ಚಾಪೆಯಲ್ಲಿ ಕೂರುವಂತಿಲ್ಲ, ಕೈಗೆ ಕೈ ತಾಗುವಂತಿಲ್ಲ. ಹಾಗಾಗಿ ಕಿಬಿರಂಗೋ ಚಪ್ಪರದಾಚೆ, ಬಾಳೆಗುಂಪಿನ ಹಿಂದೆ, ಬೆನ್ನು ತಿರುಗಿಸಿ ಕೂತರು. ಕಣ್ಣಿಂದ ನೋಡಲಿಲ್ಲ, ಸದ್ದು ಕೇಳಿದರು. ತಪ್ಪಿದ್ದನ್ನು ನೇರವಾಗಿ ಹೇಳಲೂ ಇಲ್ಲ. ಅಲ್ಲಿ ಕೆದಕುತ್ತಿದ್ದ ಕೋಳಿಗೆ ಹೇಳಿದರು.

ಆ ದಿನಗಳನ್ನು ನೆನೆದು ನಲುಬೇಗಾ ಈಗಲೂ ನಗುತ್ತಾರೆ. "'ನೋಡೇ ಕೋಳಿ, ಯಾರೋ ಎಡಗಡೆ ಹೊಡೀತಾನೇ ಇಲ್ಲ, ಅಲ್ಲಿ ದಪ್ಪ ಉಳಿದಿದೆ' ಅನ್ನೋರು. ನಾನು ಎಡಕ್ಕೆ ಹೊಡೀತಿದ್ದೆ. 'ಹಾಂ, ಈಗ ಕಿವಿಗೆ ಹಿತ' ಅನ್ನೋರು. ಹೊಗಳಿಕೆಯೆಲ್ಲ ಕೋಳಿಗೇ ಹೋಯ್ತು."

ಊರು ಸುಮ್ಮನಿರಲಿಲ್ಲ. ಬಾವಿಯ ಬಳಿ ಹೆಂಗಸರು ಮೀಸೆ ಯಾವಾಗ ಬರುತ್ತದೆಂದು ಕೇಳಿದರು. ಕುಲದ ಹಿರಿಯನೊಬ್ಬನಿದ್ದ, ಅವಳಿ ಮಕ್ಕಳ ತಂದೆಯಾದ್ದರಿಂದ ಎಲ್ಲರೂ ಸಾಲೊಂಗೋ ಎಂದೇ ಕರೆಯುತ್ತಿದ್ದರು. ಹೆಂಗಸು ಹೊಡೆದದ್ದನ್ನು ಹೊದ್ದು ಹೋದರೆ ಆಚೆ ಇರುವ ಹಿರೀಕರು ಒಳಗೆ ಸೇರಿಸುವುದಿಲ್ಲ ಎಂದು ಅವನು ಸಾವಿನ ಮನೆಗಳಲ್ಲೇ ಸಾರಿದ. ಕೊಳ್ಳುವವರು ನಿಂತುಹೋದರು. ಮಡಿಸಿಟ್ಟ ಬಟ್ಟೆ ಅಟ್ಟ ತುಂಬಿತು. ನಲುಬೇಗಾ ಹುರುಳಿಕಾಯಿ ಬೆಳೆದು ಮಾರಿ ಮನೆ ನಡೆಸಿದರು, ಆದರೆ ಕೊಡತಿ ಕೆಳಗಿಡಲಿಲ್ಲ. ಯಾಕೆ ಎಂದು ಕೇಳಿದೆ. "ಮಾವ ದಿನಾ ಬಂದು ಕೂರ್ತಿದ್ರಲ್ಲ. ಅವರನ್ನ ಸುಮ್ನೆ ಕೂರಿಸೋಕಾಗುತ್ತಾ?"

ಒಂದು ಮಳೆಗಾಲದ ಕೊನೆಗೆ ಕಿಬಿರಂಗೋ ತೀರಿಕೊಂಡರು. ಬಂಧುಗಳು ತಂದ ನಾರುಮಡಿಗಳು ಅಂಗಳದಲ್ಲಿ ರಾಶಿ ಬಿದ್ದವು. ಅಷ್ಟರಲ್ಲಿ ಸೆಮ್ವಾಂಗಾ ಒಂದು ಬಟ್ಟೆಯನ್ನು ಎಡಗೈಯಲ್ಲಿ ಅವುಚಿಕೊಂಡು ಹೊರಬಂದರು. ನಾಲ್ಕು ಜನರೆದುರು ಬಾಯಿ ಬಿಡುವವರಲ್ಲ ಅವರು.

"ಇದು ನನ್ನ ಹೆಂಡತಿ ಹೊಡೆದದ್ದು," ಎಂದರು. "ಮೈಗೆ ತಾಗೋದು ಇದೇ ಇರ್ಬೇಕು ಅಂತ ಅಪ್ಪ ಹೇಳಿದ್ರು. ಉಳಿದಿದ್ದೆಲ್ಲ ಇದರ ಮೇಲೆ."

ಸಾಲೊಂಗೋ ಬಾಗಿಲಿಗೆ ಅಡ್ಡ ನಿಂತಿದ್ದ. ಇದು ಯಾವಾಗ ಹೇಳಿದ್ದು, ಯಾರ ಮುಂದೆ ಹೇಳಿದ್ದು ಎಂದು ಕೇಳಿದ. ಮೂಲೆಯಲ್ಲಿದ್ದ ಮುದುಕಿ, ಸತ್ತವರ ತಂಗಿ, ತನ್ನ ಮುಂದೆ ಹೇಳಿದ್ದು ಎಂದಳು. ಸತ್ತವರ ಮಾತಿಗೆ ಎದುರಾಡುವವರು ನಮ್ಮಲ್ಲಿಲ್ಲ. ಅವನು ಪಕ್ಕಕ್ಕೆ ಸರಿದ.

ನಲುಬೇಗಾ ಆಗ ಹಿತ್ತಲಲ್ಲಿ, ಹೆಂಗಸರ ನಡುವೆ ಇದ್ದರು. ಹೊದಿಸಿದ್ದನ್ನು ಅವರು ನೋಡಲಿಲ್ಲ. "ಬದುಕಿದ್ದಾಗ ಒಂದು ಲೋಟ ನೀರನ್ನೂ ಕೈಯಿಂದ ಕೈಗೆ ಕೊಟ್ಟಿಲ್ಲ ನಾನು," ಎನ್ನುತ್ತ ಅವರು ಕೊಡತಿಯ ಗೀರಿನಲ್ಲಿ ಸಿಕ್ಕ ನಾರು ಬಿಡಿಸುತ್ತಾರೆ.

ಮರುವರ್ಷ ಸಾಲೊಂಗೋನ ತಾಯಿ ಸತ್ತಳು. ಅವನೇ ಬಂದು ಬೇಲಿಯ ಹೊರಗೆ ನಿಂತ. ಮಳೆಯ ಬಗ್ಗೆ ಮಾತಾಡಿದ, ಕಾಫಿಯ ಬಗ್ಗೆ ಮಾತಾಡಿದ, ಹೋಗಲಿಲ್ಲ. ನಲುಬೇಗಾ ಅಟ್ಟದಿಂದ ಒಳ್ಳೆಯದೊಂದನ್ನು ಇಳಿಸಿ ತಂದುಕೊಟ್ಟರು. ಬೇಕು ಎಂದು ಅವನು ಕೇಳಲಿಲ್ಲ, ಕೇಳಲಿ ಎಂದು ಇವರೂ ಕಾಯಲಿಲ್ಲ.

ಈಗ ಸುತ್ತಲಿನ ಹಳ್ಳಿಗಳಲ್ಲಿ ಸಾವಾದರೆ ಸೈಕಲ್ ಈ ಅಂಗಳಕ್ಕೇ ಬರುತ್ತದೆ. ಕಂಪಾಲಾದವರೂ ಬರುತ್ತಾರೆ, ಟೋಪಿಗೆ, ಚೀಲಕ್ಕೆ, ದೀಪದ ಹೊದಿಕೆಗೆ. ದೀಪಕ್ಕೆ ಯಾಕೆ ಬಟ್ಟೆ ಎಂಬುದು ನಲುಬೇಗಾ ಅವರಿಗೆ ಇನ್ನೂ ಅರ್ಥವಾಗಿಲ್ಲ. "ಅದಕ್ಕೇನು ಚಳೀನಾ?" ಎಂದು ನನ್ನನ್ನೇ ಕೇಳುತ್ತಾರೆ.

ಬಿಸಿಲು ಇಳಿಯುತ್ತಿದೆ. ಬಟ್ಟೆಯ ಮೇಲಿನ ಕಲ್ಲುಗಳನ್ನು ಸೆಮ್ವಾಂಗಾ ಒಂದೊಂದಾಗಿ ತೆಗೆಯುತ್ತಿದ್ದಾರೆ. ಮುಂದೇನು ಆಸೆ ಎಂದು ಕೇಳಿದ್ದಕ್ಕೆ ನಲುಬೇಗಾ ಮಗನ ಮದುವೆಯ ಮಾತು ತೆಗೆಯುತ್ತಾರೆ. ಬರುವ ತಿಂಗಳು ಸೊಸೆ ಬರುತ್ತಾಳೆ, ನರ್ಸ್ ಕೆಲಸದವಳು.

"ಕಲೀಲೇಬೇಕು ಅಂತ ಬಲವಂತ ಇಲ್ಲ," ಎನ್ನುತ್ತಾರೆ. "ಇಷ್ಟ ಇದ್ರೆ ಪಕ್ಕದಲ್ಲೇ ಕೂರಿಸ್ಕೊಂಡು ಕಲಿಸ್ತೀನಿ. ಅತ್ತೆ ಸೊಸೆಗೆ ಆ ಕಟ್ಟುಪಾಡಿಲ್ಲ ನೋಡಿ. ಕೈ ಹಿಡ್ಕೊಂಡೇ ತೋರಿಸ್ಬಹುದು."