ಕುಸುಮಾ ಮಿಸ್ಸಿನ ಹೂಮಳೆ

ಕೊಡಗಿನ ಅಮ್ಮತ್ತಿ ಕಡೆಯ ಸರ್ಕಾರಿ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಕುಸುಮಾ ಮಿಸ್ಸಿಗೆ ಸುಮ್ಮನೆ ಕೂರುವುದೇ ಗೊತ್ತಿಲ್ಲ. ಹಳೇ ಛತ್ರಿಯ ಕಡ್ಡಿಗಳಿಂದ ಉಪಗ್ರಹದ ಮಾದರಿ ಮಾಡಿಸಿದ್ದಾರೆ. ಗ್ರಹಣದ ದಿನ ಬಾಗಿಲು ಹಾಕಿಕೊಂಡ ಮನೆಗಳಿಗೆ ಹೋಗಿ, ಅಜ್ಜಿಯರ ಬೈಗುಳ ತಿಂದು, ಮಕ್ಕಳನ್ನು ಬಯಲಿಗೆ ಕರೆತಂದಿದ್ದಾರೆ. 'ಮಿಸ್ಸಿಗೆ ಹುಚ್ಚು' ಎಂದವರ ಮಕ್ಕಳೇ ಅವರ ಹಿಂದೆ ಓಡುವುದು. ಇಂಥ ಹುಚ್ಚು ಊರಿಗೊಬ್ಬರಿಗಾದರೂ ಹಿಡಿಯಬೇಕು.

ಕಳೆದ ವರ್ಷ ಅವರು ಕೈ ಹಾಕಿದ್ದು ಹಲವು ದೇಶಗಳ ಹೈಸ್ಕೂಲ್ ಮಕ್ಕಳು ಸೇರಿ ನಡೆಸುವ ಬಾಹ್ಯಾಕಾಶ ಕಾರ್ಯಕ್ರಮಕ್ಕೆ. ಉಪಗ್ರಹ ಮೇಲಿನಿಂದ ಅಂದಾಜು ಮಾಡಿದ ಮಳೆಯನ್ನು ಮಕ್ಕಳು ನೆಲದ ಮೇಲೆ ಅಳೆದು ತಾಳೆ ನೋಡಬೇಕು. ಕೀನ್ಯಾದ ಒಂದು ಶಾಲೆ, ಬ್ರೆಜಿಲಿನ ಒಂದು, ಇವರದೊಂದು, ಸೇರಿ ಒಂದು ತಂಡ. ಗೆದ್ದ ತಂಡಕ್ಕೆ ಜಪಾನಿನಲ್ಲಿ ಶಿಬಿರ. ಗೆದ್ದರೆ ಇಲ್ಲಿಂದ ಹೋಗಬೇಕಾದವಳು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಿವಶಂಕರಪ್ಪನ ಮಗಳು, ಒಂಬತ್ತನೇ ಕ್ಲಾಸಿನ ಚಂದನಾ. ಅಪ್ಪನ ಆಫೀಸಿನ ಮುಂದಿನ ಮಳೆಮಾಪಕ ನೋಡಿ ಅವಳು ಹೇಳುವಳು, ಮಿಸ್ ಕಂಪ್ಯೂಟರಿಗೆ ಹಾಕುವರು.

ಫೆಬ್ರವರಿ ಕೊನೆಗೆ, ಕಾಫಿ ಗಿಡಗಳು ಅರಳಲು ಹೂಮಳೆಗೆ ಕಾಯುವ ಹೊತ್ತಿಗೆ, ಆ ವರ್ಷದ ಮೊದಲ ಮಳೆ ಬಿತ್ತು.

"ಎಷ್ಟೇ?"

"ನಲವತ್ತು ಮಿಸ್."

ಮಿಸ್ ನಲವತ್ತು ಎಂದೇ ಹಾಕಿದರು. ಉಪಗ್ರಹ ಹೇಳಿದ್ದು ಅದರ ಕಾಲು ಭಾಗ. ಬೆಟ್ಟದ ಮಳೆ ಉಪಗ್ರಹದ ಕಣ್ಣನ್ನೇ ತಪ್ಪಿಸಿದೆಯೆಂದು ತಂಡಕ್ಕೆ ಖುಷಿಯೋ ಖುಷಿ. ಆ ಶೋಧದ ಬಲದಿಂದಲೇ ಕೊನೆಯ ಸುತ್ತಿಗೆ ಬಂದರು. ಚಂದನಾಳ ಪಾಸ್‌ಪೋರ್ಟಿನ ಮಾತೂ ಶುರುವಾಯಿತು.

ವಾರ ಕಳೆದು ಒಂದು ಬೆಳಿಗ್ಗೆ, ಶಾಲೆಗೆ ಬರುತ್ತಿದ್ದ ಮಿಸ್ ಸ್ಪ್ರಿಂಕ್ಲರ್ ಇಲ್ಲದೆ ಮಳೆಯನ್ನೇ ನಂಬಿದ ಕಾಫಿ ತೋಟವೊಂದರ ಬೇಲಿಯ ಹತ್ತಿರ ನಿಂತುಬಿಟ್ಟರು. ನಲವತ್ತು ಮಿಲಿಮೀಟರ್ ಬಿದ್ದಿದ್ದರೆ ಇಷ್ಟರಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ ಘಮ್ಮೆನ್ನಬೇಕಿತ್ತು. ಮೊಗ್ಗು ಬಾಯಿ ಬಿಟ್ಟಿರಲಿಲ್ಲ. ಅವರಿಗೆ ಆಗ ಹೊಳೆಯಿತು. ಕೊಡಗಿನಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. 'ನಿಮಗೆಷ್ಟು?' ಎಂದರೆ 'ನಲವತ್ತು' ಎಂದರಾಯಿತು, ಸೆಂಟೆಂದು ಯಾರೂ ಬಿಡಿಸಿ ಹೇಳುವುದಿಲ್ಲ. ಮೂರ್ನಾಡಿನಲ್ಲಿ ಹುಟ್ಟಿ ಬೆಳೆದ ಮಿಸ್ ಅದೇ ರೂಢಿಯಲ್ಲಿ ಮಿಲಿಮೀಟರಿನ ಜಾಗಕ್ಕೆ ಸೆಂಟು ತುಂಬಿದ್ದರು. ಬಿದ್ದದ್ದು ಹತ್ತೇ ಮಿಲಿಮೀಟರ್. ಉಪಗ್ರಹ ಸರಿಯಾಗಿಯೇ ಹೇಳಿತ್ತು.

ಚಂದನಾಳನ್ನು ಕರೆದು ಎಲ್ಲ ಹೇಳಿದರು. ಹುಡುಗಿಯ ಮುಖ ಸಣ್ಣದಾಯಿತು.

"ಹೇಳ್ಬೇಡಿ ಮಿಸ್. ಯಾರಿಗೂ ಗೊತ್ತಾಗಲ್ಲ."

"ನಮ್ಮಿಬ್ಬರಿಗೆ ಗೊತ್ತಾಯ್ತಲ್ಲ ಮಗಾ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಮಗುವಿನ ಜಪಾನನ್ನು ತಾನೇ ಕಿತ್ತುಕೊಳ್ಳುತ್ತಿದ್ದೇನೆಂದು ಮಿಸ್ಸಿಗೆ ಸಂಕಟವಾಯಿತು. ಈ ಹುಡುಗಿ ಇನ್ನು ವಿಜ್ಞಾನದ ಕಡೆ ತಲೆ ಹಾಕಿಯೂ ಮಲಗಲಾರಳೇನೋ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಸಂಜೆ ಕಂಪ್ಯೂಟರಿನ ಪರದೆಯ ಮೇಲೆ ಮೂರು ದೇಶಗಳ ಮಕ್ಕಳು ಸೇರಿದಾಗ ಮಿಸ್ ಎದ್ದು ನಿಂತರು. ತಪ್ಪು ಮಗುವಿನದಲ್ಲ, ನನ್ನದು ಎಂದು ಬಿಡಿಸಿ ಹೇಳಿದರು. ಆ ಕಡೆ ಯಾರೂ ಸಿಟ್ಟಾಗಲಿಲ್ಲ, ಆದರೆ ಶೋಧ ಬಿದ್ದುಹೋಯಿತು. ಅವರ ಬದಲಿಗೆ ಬೇರೆ ತಂಡಕ್ಕೆ ಕರೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಚಂದನಾ ಬ್ಯಾಗು ಹೆಗಲಿಗೇರಿಸಿ ಹೊರಟಳು. ಬಾಗಿಲ ಹತ್ತಿರ ಹೋದವಳು ಕಣ್ಣು ಒರೆಸಿಕೊಂಡು ಸರ್ರನೆ ತಿರುಗಿದಳು.

"ನಾಳೆಯಿಂದ ನಂಬರ್ ನಾನೇ ಹಾಕ್ತೀನಿ ಮಿಸ್. ನಿಮ್ಮನ್ನ ನಂಬಕ್ಕಾಗಲ್ಲ."

ಕುಸುಮಾ ಮಿಸ್ ಪೆನ್ನು ತೆಗೆದು, ಕಂಪ್ಯೂಟರಿನ ಪಾಸ್‌ವರ್ಡನ್ನು ಅವಳ ಅಂಗೈ ಮೇಲೆ ಬರೆದುಕೊಟ್ಟರು.