ಜರಿ ಕರಗಿಸಿದ ಹೊಗೆ

ಹಳೇ ಜರಿಸೀರೆ ಕೊಳ್ಳುವವರಿಗೆ ನನ್ನ ಮೊದಲ ಮಾತು: ಸೀರೆಯ ಬಣ್ಣ ನೋಡಬೇಡಿ, ಕೊಡುವವರ ಮುಖವನ್ನಂತೂ ನೋಡಲೇಬೇಡಿ. ಅಂಚಿನಿಂದ ಒಂದು ಎಳೆ ಬಿಡಿಸಿ ಉಗುರಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ಬೆಳ್ಳಿ, ಕೆಂಪು ಕಂಡರೆ ತಾಮ್ರ. ತಾಮ್ರವಾದರೆ ಬದಲಿಗೆ ಒಂದು ಸ್ಟೀಲ್ ಲೋಟವನ್ನೂ ಕೊಡದೆ ಎದ್ದು ಬನ್ನಿ. ಇದನ್ನು ನನಗೆ ಕಲಿಸಿದವರು ಭಾವ, ನನ್ನ ಅಕ್ಕನ ಗಂಡ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮನೆಮನೆಗೂ ಸ್ಟೀಲ್ ಪಾತ್ರೆಯ ಹುಚ್ಚು ಹಿಡಿದಿತ್ತು. ನಾನು ಚನ್ನಗಿರಿಯಿಂದ ಹೊರಟು, ಸೈಕಲ್ಲಿನ ಹಿಂದೆ ಪಾತ್ರೆಯ ಮೂಟೆ ಕಟ್ಟಿಕೊಂಡು ನಲ್ಲೂರು, ಹೊನ್ನಾಳಿ, ನ್ಯಾಮತಿ, ಸವಳಂಗ ಸುತ್ತುತ್ತಿದ್ದೆ. ಪಾತ್ರೆ ಕೊಟ್ಟು ಸೀರೆ ತರುವುದು ನನ್ನ ಪಾಲಿನ ಕೆಲಸ. ಜಗಳೂರಿನಲ್ಲಿದ್ದ ಭಾವ ಆ ಸೀರೆಗಳ ಜರಿ ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು.

ನ್ಯಾಮತಿಯಲ್ಲಿ ಒಬ್ಬಾಕೆ ಮದುವೆ ಸೀರೆ ಕೊಟ್ಟು ಕೊಡ ತೆಗೆದುಕೊಂಡಳು. ಕೊಡವನ್ನು ಎತ್ತಿ ನೋಡಿ ಅಂದಳು: “ಏನಪ್ಪಾ ಇದು, ನನ್ನ ಗಂಡನ ಮಾತಿಗಿಂತ ಹಗುರ ಐತೆ!”

“ಹಗುರ ಇದ್ರೆ ಸೊಂಟಕ್ಕೆ ಒಳ್ಳೇದು ಕಣವ್ವಾ” ಅಂದೆ. ಆಕೆ ನಕ್ಕಳು. ನಕ್ಕ ಗಿರಾಕಿ ಮತ್ತೆ ಚೌಕಾಸಿ ಮಾಡುವುದಿಲ್ಲ, ಇದೂ ನೆನಪಿರಲಿ.

ಜರಿಯಿಂದ ಬೆಳ್ಳಿ ಬರುವ ಬಗೆ ಹೀಗೆ. ಅಂಚು ಸೆರಗು ಕತ್ತರಿಸಿ ಸುಟ್ಟರೆ ರೇಷ್ಮೆ ಬೂದಿಯಾಗುತ್ತದೆ, ಬೆಳ್ಳಿಯ ಎಳೆ ಆ ಬೂದಿಯೊಳಗೆ ಉಳಿಯುತ್ತದೆ. ಅದನ್ನು ಅಕ್ಕಸಾಲಿಗರು ಬಳಸುವ ಆಸಿಡ್ಡಿಗೆ ಹಾಕಬೇಕು. ಪುಸ್ತಕದಲ್ಲಿ ಅದರ ಹೆಸರು ನೈಟ್ರಿಕ್ ಆಮ್ಲ. ಬೆಳ್ಳಿ ಸಕ್ಕರೆಯಂತೆ ಕರಗಿಹೋಗುತ್ತದೆ, ಜರಿಯ ಮೇಲಿದ್ದ ಚೂರುಪಾರು ಚಿನ್ನ ಕರಗದೆ ಕಪ್ಪು ಪುಡಿಯಾಗಿ ತಳ ಸೇರುತ್ತದೆ. ಸೋಸಿದ ನೀರಿಗೆ ತಾಮ್ರದ ತುಂಡು ಇಳಿಬಿಟ್ಟರೆ ನೀರು ನೀಲಿಯಾಗುತ್ತಾ ಬರುತ್ತದೆ, ಬೆಳ್ಳಿ ಬೂದುಬಣ್ಣದ ಪಾಚಿಯಂತೆ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಅದನ್ನು ಕೆರೆದು, ತೊಳೆದು, ಬಿಳಿಗಾರ ಹಾಕಿ ಕರಗಿಸಿದರೆ ಬೆಳ್ಳಿಯ ಗಟ್ಟಿ. ತೊಳೆಯುವ ಕೆಲಸ ಅಕ್ಕನದು. ಆ ನೀರು ತಾಗಿದ ಚರ್ಮ ಬಿಸಿಲು ಕಂಡರೆ ಕಪ್ಪಾಗುತ್ತದೆ. ಗಂಡ ಹೆಂಡತಿ ಇಬ್ಬರ ಬೆರಳ ತುದಿಯೂ ಸದಾ ಕಪ್ಪು. ಯಾವ ಸೋಪಿಗೂ ಜಗ್ಗದ ಕಪ್ಪು ಅದು. ಚರ್ಮವೇ ಸವೆದು ಹೊಸದು ಬರಬೇಕು.

ಆಸಿಡ್ಡಿಗೆ ಬೆಳ್ಳಿ ಬಿದ್ದಾಗ ಹೊಗೆ ಏಳುತ್ತದೆ. ಕಂದು ಬಣ್ಣದ, ಗಂಟಲು ಕೆರೆಯುವ ಹೊಗೆ. ಅದಕ್ಕೇ ಆ ಕೆಲಸವನ್ನು ಭಾವ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಗಾಳಿಗೆ ಬೆನ್ನು ಕೊಟ್ಟು ಮಾಡುತ್ತಿದ್ದರು. ಜರಿ ಸುಡುವುದು, ಬೂದಿ ಜರಡಿ ಹಿಡಿಯುವುದು ಮಾತ್ರ ಒಳಕೋಣೆಯಲ್ಲಿ, ಬಾಗಿಲು ಕಿಟಕಿ ಭದ್ರ ಮಾಡಿಕೊಂಡು. “ಬೂದಿ ಹಾರಿದ್ರೆ ಬೆಳ್ಳಿ ಹಾರಿದಂಗೆ” ಎನ್ನುವುದು ಭಾವನ ಅಪ್ಪ ಹಾಕಿಕೊಟ್ಟ ಪಾಠ. ನಾನು ಅವರನ್ನು ಮಾವ ಎನ್ನುತ್ತಿದ್ದೆ. ಆ ಮನೆಯಲ್ಲಿ ಯಾರಾದರೂ ಆ ಕೋಣೆಯ ಬಾಗಿಲು ತೆರೆದಿಟ್ಟರೆ ಮಾವ ಕೂತಲ್ಲಿಂದಲೇ ಕೂಗುತ್ತಿದ್ದರು.

ಎಂಬತ್ತರ ಸುಮಾರಿಗೆ ಬೆಳ್ಳಿ ಬೆಲೆ ಏಕಾಏಕಿ ಏರಿತು. ಆ ವರ್ಷದ ಆಷಾಢದಲ್ಲಿ ನಾನು ಸೀರೆಯ ದೊಡ್ಡ ಗಂಟು ಹೊತ್ತು ಜಗಳೂರಿಗೆ ಹೋಗಿದ್ದೆ. ಜಗಳೂರಿನ ಆಷಾಢದ ಗಾಳಿ ಅಂದರೆ ಹಗ್ಗದ ಮೇಲಿನ ಪಂಚೆ ಪಕ್ಕದ ಬೀದಿಯಲ್ಲಿ ಸಿಗಬೇಕು. ಹಿತ್ತಲಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಭಾವ ಆಸಿಡ್ಡಿನ ಜಾಡಿಯನ್ನೂ ಒಳಕೋಣೆಗೆ ಒಯ್ದು ಬೂದಿಯ ತಟ್ಟೆಗಳ ಪಕ್ಕದಲ್ಲೇ ಇಟ್ಟುಕೊಂಡರು, ಬಾಗಿಲು ಹಾಕಿಕೊಂಡರು.

ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿನಿಂದ ಕಂದು ಹೊಗೆ ಹೊರಗೆ ಬಂತು. ಒಳಗೆ ಕೆಮ್ಮು.

“ಭಾವ, ಬಾಗಿಲು ತೆಗೀರಿ!” ಎಂದು ಬಡಿದೆ.

“ತೆಗೆದ್ರೆ ಬೂದಿ ಹಾರ್ತೈತೆ ಕಣಲೇ! ಇನ್ನೊಂದು ಗಳಿಗೆ ತಡಿ!”

ಆ ಗಳಿಗೆ ಮುಗಿಯುವ ಹೊತ್ತಿಗೆ ಅವರೇ ಅಗುಳಿ ತೆಗೆದು ಹೊರಗೆ ಬಂದು ಕುಕ್ಕರಿಸಿದರು. ಕಣ್ಣಲ್ಲಿ ಮೂಗಲ್ಲಿ ನೀರು. ಹೊರಗೆ ಬಂದವರು ಮೊದಲು ಮಾಡಿದ ಕೆಲಸವೆಂದರೆ ಹಿಂದೆ ಕೈಚಾಚಿ ಬಾಗಿಲು ಎಳೆದುಕೊಂಡದ್ದು.

“ಹಾಲಿಗೆ ತುಪ್ಪ ಹಾಕಿ ಕುಡಿಸವ್ವಾ, ಹೊಗೆ ಇಳೀತೈತೆ” ಅಂದರು ಮಾವ. ಅಕ್ಕ ಕುಡಿಸಿದಳು. ಬೆಲ್ಲದ ಚೂರನ್ನೂ ಕೊಟ್ಟಳು. ಕೆಮ್ಮು ನಿಂತಿತು. ಭಾವ ಜೋಳದ ರೊಟ್ಟಿ ಊಟ ಮಾಡಿದರು, ನಾನು ತಂದ ಸೀರೆಯಲ್ಲಿ ಒಂದನ್ನು ಕೆರೆದು ನೋಡಿ, “ಏನ್ ಸಾಹುಕಾರ, ತಾಮ್ರಕ್ಕೆ ಕೊಡ ಕೊಟ್ಟು ಬಂದಿದೀಯಾ?” ಎಂದು ಹಂಗಿಸಿದರು.

“ಅದಿರ್ಲಿ, ಡಾಕ್ಟ್ರಿಗೆ ತೋರಿಸಿಕೊಂಡು ಬರಾಣ, ನಡೀರಿ” ಅಂದೆ.

“ಕೆಮ್ಮು ನಿಂತ ಮೇಲೆ ಎಂಥ ಡಾಕ್ಟ್ರು?” ಎಂದರು ಮಾವ. ಆದರೂ ಹಟ ಹಿಡಿದು ಕರೆದೊಯ್ದೆ. ಊರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, “ಎದೆ ಸಾಫ್ ಐತೆ, ಹೋಗ್ರಿ” ಎಂದು ಕೆಮ್ಮಿನ ಔಷಧ ಬರೆದರು. ಬರುವಾಗ ದಾರಿಯುದ್ದಕ್ಕೂ ಭಾವ ನನ್ನನ್ನು ಗೇಲಿ ಮಾಡಿದರು. “ನೋಡ್ದ್ಯಾ, ಡಾಕ್ಟ್ರಿಗೂ ನಂಗೂ ಇಬ್ಬರಿಗೂ ಕೆಲಸ ಕೆಡಿಸ್ದೆ.”

ಬಿಸಿಲು ಇಳಿಯುವ ಹೊತ್ತಿಗೆ ಅವರ ಉಸಿರು ಚಿಕ್ಕದಾಯಿತು. ಮಲಗಲು ಆಗದು, ಕೂರಲೂ ಆಗದು. ತುಟಿ ನೇರಳೆಯಾಯಿತು, ಕೆಮ್ಮಿದರೆ ನೊರೆ. ದಾವಣಗೆರೆಗೆ ಹೋಗಲು ಜೀಪು ತಂದೆ. ಹಿಂದಿನ ಸೀಟಿನಲ್ಲಿ ಅಕ್ಕನ ಭುಜಕ್ಕೆ ಒರಗಿದ್ದ ಭಾವ ಜೀಪಿನವನು ಬಾಡಿಗೆ ಹೇಳಿದ್ದನ್ನು ಕೇಳಿ ಕಣ್ಣು ತೆರೆದರು. “ಜಾಸ್ತಿ ಆತು... ಸ್ವಲ್ಪ... ಕಮ್ಮಿ ಮಾಡಪ್ಪಾ.” ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಆಸ್ಪತ್ರೆಯಲ್ಲಿ ಆಮ್ಲಜನಕದ ಕೊಳವೆ ಹಾಕಿದರು. ಭಾವ ದೀಪ ಹಚ್ಚುವ ಹೊತ್ತು ದಾಟಲಿಲ್ಲ. ಅಲ್ಲಿನ ಡಾಕ್ಟರು ಕೇಳಿದರು: “ಬೆಳಿಗ್ಗೆ ಕುಡಿದ ಹೊಗೆಗೆ ಈಗ ಬಂದ್ರಾ?”

“ಮಧ್ಯಾಹ್ನ ಆರಾಮಾಗಿದ್ರು, ಸಾರ್. ಊಟ ಮಾಡಿದ್ರು.”

“ಈ ಹೊಗೆ ಹಂಗೇ. ಮೊದಲು ಬಿಟ್ಟಂಗೆ ಮಾಡ್ತೈತೆ, ಆಮೇಲೆ ಹಿಡಿಯೋದು.”

ಬಹಳ ದಿನಗಳ ಮೇಲೆ ಚನ್ನಗಿರಿಯ ಒಬ್ಬ ವಿಜ್ಞಾನದ ಮೇಷ್ಟ್ರು ನನ್ನಲ್ಲಿ ಪಾತ್ರೆ ಕೊಳ್ಳಲು ಬಂದಾಗ ಕೇಳಿ ತಿಳಿದೆ. ಹೊಗೆಯಲ್ಲಿದ್ದದ್ದು ಸಾರಜನಕ ಮತ್ತು ಆಮ್ಲಜನಕ. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಾಗಿ ಇರುವುದೂ ಅವೇ ಎರಡು. ಅಲ್ಲಿ ಬೇರೆ ಬೇರೆಯಾಗಿ ತಿರುಗಾಡಿಕೊಂಡಿರುತ್ತವೆ, ತೊಂದರೆಯಿಲ್ಲ. ಜಾಡಿಯಿಂದ ಅವು ಕೂಡಿಕೊಂಡು ಎದ್ದಾಗ ಬಣ್ಣವಿರುವುದಿಲ್ಲವಂತೆ. ಹೊರಗಿನ ಆಮ್ಲಜನಕ ಇನ್ನಷ್ಟು ಸೇರಿ ಕಂದಾಗುತ್ತದೆ. ಆ ಕಂದು ಹೊಗೆ ಎದೆಯೊಳಗಿನ ಒದ್ದೆಗೆ ಸೋಕಿದರೆ ಮತ್ತೆ ಆಸಿಡ್ಡೇ ಆಗುತ್ತದೆ. ಅಂದರೆ ನಾವು ತುಪ್ಪ ಹಾಕಿದ ಹಾಲು ಕುಡಿಸುತ್ತಿದ್ದಾಗ ಅದು ಅವರ ಶ್ವಾಸಕೋಶದೊಳಗೆ ಕೂತು ನಿಧಾನವಾಗಿ ತನ್ನ ಕೆಲಸ ಮಾಡುತ್ತಿತ್ತು. ಹಾಲು ಹೋದದ್ದು ಹೊಟ್ಟೆಗೆ. ಒಬ್ಬೊಬ್ಬರೇ ಇದ್ದಾಗ ಒಳ್ಳೆಯವರು, ಕೂಡಿದರೆ ಮನೆ ಹಾಳು ಮಾಡುವವರು: ಇಂಥ ಪಾಲುದಾರರನ್ನು ವ್ಯಾಪಾರದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ಮುಖವಿರುತ್ತದೆ, ಬೈಯಬಹುದು. ಆಸಿಡ್ ಮಾರಿದವನು ಬೆಲೆಯನ್ನು ಸ್ಪಷ್ಟವಾಗಿ ಹೇಳಿದ್ದ, ಹೊಗೆಯ ಗುಣ ಹೇಳಿರಲಿಲ್ಲ.

ಈ ಕೆಲಸ ಮಾಡುವವರು ಈಗಲೂ ಇದ್ದಾರೆ, ಅದಕ್ಕೆ ಹೇಳುತ್ತೇನೆ. ಕಂದು ಹೊಗೆ ಕುಡಿದವನ ಕೆಮ್ಮು ನಿಂತರೆ ಸಮಾಧಾನ ಪಡಬೇಡಿ. ನಗುತ್ತಿದ್ದರೂ ಆಸ್ಪತ್ರೆಗೆ ಒಯ್ದು, ಮಾರನೆಯ ದಿನದವರೆಗೆ ಅಲ್ಲೇ ಕೂರಿಸಿ.

ಭಾವನನ್ನು ಮಣ್ಣು ಮಾಡಿ ಮನೆಗೆ ಬಂದಾಗ ಅಕ್ಕ ಯಾರನ್ನೂ ಮಾತಾಡಿಸದೆ ನೇರ ಒಳಕೋಣೆಗೆ ಹೋದಳು. ಕಿಟಕಿ ತೆರೆದಳು. ಬಾಗಿಲನ್ನು ಅಗಲವಾಗಿ ತೆರೆದು, ಬಡಿದುಕೊಳ್ಳದಂತೆ ಗುಂಡುಕಲ್ಲು ಉರುಳಿಸಿ ಇಟ್ಟಳು. ಆಷಾಢದ ಗಾಳಿ ಒಳಗೆ ನುಗ್ಗಿತು. ತಟ್ಟೆಗಳ ಬೂದಿ ಎದ್ದು ನಡುಮನೆ ತುಂಬಿತು, ಅಂಗಳಕ್ಕೆ ಹೋಯಿತು. ಬಿಸಿಲಲ್ಲಿ ಅಲ್ಲಲ್ಲಿ ಮಿಂಚುತ್ತಿತ್ತು.

ಜಗಲಿಯಿಂದ ಮಾವ ಕೂಗಿದರು: “ಬಾಗಿಲು ಹಾಕವ್ವಾ! ಬೂದಿ ಹಾರ್ತೈತೆ!”

“ಹಾರ್ಲಿ ಬಿಡ್ರಿ ಮಾವ” ಅಂದಳು ಅಕ್ಕ. ಕಲ್ಲಿನ ಮೇಲಿದ್ದ ಅವಳ ಬೆರಳುಗಳ ತುದಿ ಕಪ್ಪಗಿತ್ತು.

ಮಾವ ಅಂಗಳದಲ್ಲಿ ಮಿಂಚುತ್ತಿದ್ದ ಬೂದಿಯನ್ನು ನೋಡಿದರು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಬಂದು, ಪೊರಕೆ ಎಲ್ಲೈತೆ ಎಂದು ನನ್ನನ್ನು ಕೇಳಿದರು.