ದೊಡ್ಡಪ್ಪನ ಟವೆಲು

ಹೆಗಲ ಮೇಲಿನ ಬಿಳಿ ಟವೆಲು ಕಂಡರೆ ಯಾರಿಗಾದರೂ ಸಿಟ್ಟು ಬರುತ್ತದೆಯೇ? ನನಗೆ ಬರುತ್ತದೆ. ಇವತ್ತು ಬೆಳಿಗ್ಗೆ ಹೆಮ್ಮರಗಾಲದ ಹತ್ತಿರದ ನಮ್ಮೂರಿನಲ್ಲಿ, ಚೌಡಮ್ಮನ ಗುಡಿಯ ಮುಂದೆ, ದೊಡ್ಡಪ್ಪನ ಮಗ ಸಿದ್ದರಾಜು ಅಂಥದ್ದೊಂದು ಟವೆಲು ಹಾಕಿಕೊಂಡು ನಿಂತಿದ್ದ. ಅವನ ಮಗಳು ಮೈಸೂರಿಗೆ ನರ್ಸಿಂಗ್ ಓದಲು ಹೋಗಬೇಕೋ ಬೇಡವೋ ಎಂದು ಹೂ ಕೇಳಬೇಕಂತೆ. ಅವನಿಗೆ ಇಷ್ಟವಿಲ್ಲ ಎನ್ನುವುದು ಊರಿಗೇ ಗೊತ್ತು. ಮಗನನ್ನು ಕಾಲೇಜಿಗೆ ಸೇರಿಸುವಾಗ ಇವನು ಯಾವ ದೇವರನ್ನೂ ಕೇಳಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು.

ಹೂ ಕೇಳುವುದು ನಿಮಗೆ ಗೊತ್ತಿರಬಹುದು. ನೀರಲ್ಲಿ ಅದ್ದಿದ ಎಸಳುಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸಿ ಕೈಮುಗಿದು ನಿಲ್ಲುವುದು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ನಮ್ಮ ಚೌಡಮ್ಮನಿಗೆ ಪೂಜಾರಿಯಿಲ್ಲ. ಹೊಲದ ಬದಿಯ ಸಣ್ಣ ಗುಡಿ, ಮನೆಯವರೇ ನೀರು ಹಾಕಿ ಹೂ ಮುಡಿಸುತ್ತೇವೆ. ಮೋಸಕ್ಕೆ ಇದಕ್ಕಿಂತ ಅನುಕೂಲ ಬೇಕೆ?

ತೊಂಬತ್ತರ ದಶಕದಲ್ಲಿ ನನಗೆ ತಿ. ನರಸೀಪುರದಲ್ಲಿ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತು. ಅಪ್ಪ ತೀರಿಕೊಂಡಿದ್ದರು, ದೊಡ್ಡಪ್ಪನೇ ಯಜಮಾನ. ಅವರಿಗೋ ನನ್ನನ್ನು ತಮ್ಮ ಹೆಂಡತಿಯ ತಮ್ಮನಿಗೆ ಕೊಡುವ ಆಸೆ. ಅವ್ವ ದೇವರನ್ನು ಕೇಳೋಣ ಎಂದಳು. ದೊಡ್ಡಪ್ಪ ಸಂತೋಷವಾಗಿ ಒಪ್ಪಿದರು. ಹೂ ಅಂಟಿಸುವಾಗ ಕಲ್ಲಿನ ಧೂಳು ತೆಗೆಯುವವರಂತೆ ಟವೆಲಿನ ತುದಿಯಿಂದ ಅಮ್ಮನವರ ಎಡಭುಜವನ್ನು ಒಣಗುವಂತೆ ಒರೆಸಿದರು. ಎಡದ ಎಸಳು ಎರಡು ನಿಮಿಷವೂ ನಿಲ್ಲಲಿಲ್ಲ.

"ನೋಡ್ದಾ ತಾಯಿ, ಅಮ್ಮ ಎಡ ಕೊಟ್ಬುಟ್ಳು. ನಾನೇನ್ ಮಾಡಾನ?" ಎಂದರು, ಮುಖ ಸಣ್ಣಗೆ ಮಾಡಿಕೊಂಡು.

ದಾರಿಯಲ್ಲಿ ನಾನು ಅಳುತ್ತಾ ಟವೆಲಿನ ಸಂಗತಿ ಹೇಳಿದೆ. ಅವ್ವ ಕಣ್ಣು ಮುಚ್ಚಿಕೊಂಡಿದ್ದರಿಂದ ನೋಡಿರಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿದಳು.

"ನಾಳಕ್ಕೆ ನಾವೇ ಕೇಳುವ. ಎಡ ಬಿದ್ರೆ ನರಸೀಪುರದ ಮಾತು ಎತ್ತಂಗಿಲ್ಲ, ತಿಳ್ಕೊ. ಕೇಳಕ್ಕೆ ಬಂದೋರು ತೀರ್ಮಾನ ಜೊತೇಲಿ ತರ್ಬಾರ್ದು ಕಣವ್ವ."

ಮರುದಿನ ಅವ್ವ ಎರಡು ಭುಜಕ್ಕೂ ಒಂದೇ ಸಮ ನೀರು ಹಾಕಿ ಎಸಳು ಅಂಟಿಸಿ ಕಣ್ಣು ಮುಚ್ಚಿದಳು. ನಾನು ಮುಚ್ಚಲಿಲ್ಲ. ನೋಡುತ್ತಿದ್ದ ಹಾಗೆ ಎಡದ ಎಸಳಿನ ಅಂಚು ಮೆಲ್ಲಗೆ ಬಿಡತೊಡಗಿತು. ಮುಂದಕ್ಕೆ ಬಗ್ಗಿ ಬಲದ ಎಸಳಿಗೆ ಒಮ್ಮೆ ಊದಿದೆ. ಬಿತ್ತು.

ಅವ್ವ ಅಡ್ಡಬಿದ್ದು ಅತ್ತಳು. ಜನ್ಮದಲ್ಲಿ ದೊಡ್ಡಪ್ಪನಿಗೆ ಎದುರಾಡದವಳು ನೆಟ್ಟಗೆ ಹೋಗಿ, "ಅಮ್ಮ ಬಲ ಕೊಟ್ಟವ್ಳೆ ಬಾವ, ಮಗ್ಳು ನರಸೀಪುರಕ್ಕೆ ಓಯ್ತಳೆ" ಎಂದಳು.

"ನೆನ್ನೆ ಎಡ ಕೊಟ್ಟೋಳು ಇವತ್ತು ಬಲ ಕೊಟ್ಟಾಳಾ?"

"ನೆನ್ನೆ ಯಾರು ಕೊಟ್ರೋ, ಅಮ್ಮಂಗೇ ಗೊತ್ತು."

ದೊಡ್ಡಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೊರಟರು. ನಾನು ನರಸೀಪುರಕ್ಕೆ ಹೋದೆ, ಟೀಚರಾದೆ, ನಂಜನಗೂಡಿನಲ್ಲಿ ಮನೆ ಮಾಡಿದೆ. ಟವೆಲಿನ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಕೋಪದಿಂದ ನನ್ನ ಧ್ವನಿ ನಡುಗುತ್ತಿತ್ತು, ಕೇಳಿದವರು ದೊಡ್ಡಪ್ಪನಿಗೆ ಛೀಮಾರಿ ಹಾಕುತ್ತಿದ್ದರು. ಊದಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ಚೌಡಮ್ಮ ಕೈಬಿಡಲಿಲ್ಲ ಎಂದು ಹೇಳಿಕೊಂಡೇ ಅವಳು ತೀರಿಹೋದಳು. ಅವಳು ಒಬ್ಬಳೇ ನಿಜವಾಗಿ ಕೇಳಿದವಳು. ಅವಳಿಗೆ ಉತ್ತರ ಬರದ ಹಾಗೆ ಮಾಡಿದವಳು ನಾನು.

ಇವತ್ತು ಸಿದ್ದರಾಜು ಗುಡಿಯೊಳಕ್ಕೆ ಕಾಲಿಡುವಷ್ಟರಲ್ಲಿ ಕೈ ಚಾಚಿದೆ.

"ಆ ಟವೆಲ್ ಇತ್ತ ಕೊಡು."

"ಯಾಕಕ್ಕ?"

"ಕೊಡು ಅಂದ್ನಲ್ಲ."

ಕೊಟ್ಟ. ಎರಡು ಭುಜಕ್ಕೂ ನಾನೇ ಒಂದೇ ಸಮ ನೀರು ಹಾಕಿದೆ, ಹುಡುಗಿ ಎಸಳು ಅಂಟಿಸಿದಳು. ಅವಳ ಮುಖ ಬಿಳುಚಿಕೊಂಡಿತ್ತು. ಅವಳು ಓದಲೇಬೇಕು ಎಂದು ನನಗೆ ಒಂದೇ ಹಟ. ಬಲದ ಎಸಳು ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು, ಒಂದು ಉಸಿರು ಸಾಕಿತ್ತು.

ಎರಡು ಹೆಜ್ಜೆ ಹಿಂದೆ ಸರಿದು, ಸಿದ್ದರಾಜುವಿನ ಟವೆಲನ್ನು ಮಡಿಸಿ ನನ್ನ ಮೂಗು ಬಾಯಿಗೆ ಬಿಗಿಯಾಗಿ ಒತ್ತಿ ಹಿಡಿದೆ.

"ವಾಸ್ನೆ ಬತ್ತಾದಾ ಅಕ್ಕ?" ಎಂದ ಅವನು.

ತಲೆಯಾಡಿಸಿದೆ. ಎರಡೂ ಎಸಳು ಇನ್ನೂ ಕೂತಿದ್ದವು. ಕಣ್ಣು ಮುಚ್ಚಿಕೊಂಡೆ.